ಲೂಯಿಸ್ ಮೇಷ್ಟ್ರನ್ನು ಓದುವುದು ಹೇಗೆ? ಹಿತ್ತಿಲ ಬಾಗಿಲಿನಿಂದ ಬನ್ನಿ

ಸಿ. ಎಸ್. ಲೂಯಿಸ್ ಅಂದ ತಕ್ಷಣ ಜನಕ್ಕೆ ಎರಡು ನೆನಪಾಗುತ್ತವೆ. ಒಂದು, ಬಟ್ಟೆ ಬೀರುವಿನೊಳಗೆ ಹೊಕ್ಕು ಹಿಮದ ನಾಡಿಗೆ ಹೋಗುವ ಮಕ್ಕಳ ಕತೆ. ಇನ್ನೊಂದು, ಕ್ರೈಸ್ತ ಧರ್ಮದ ಪರವಾಗಿ ಬರೆದ ಪುಸ್ತಕಗಳು. ಆದರೆ ಅವರಿಗೆ ಸಂಬಳ ತಂದ ಕೆಲಸ ಇವೆರಡೂ ಅಲ್ಲ. 1925ರಿಂದ 1954ರವರೆಗೆ ಆಕ್ಸ್‌ಫರ್ಡ್‌ನ ಮಾಡ್ಲಿನ್ ಕಾಲೇಜಿನಲ್ಲಿ, ಆಮೇಲೆ 1963ರವರೆಗೆ ಕೇಂಬ್ರಿಜ್‌ನಲ್ಲಿ ಅವರು ಪಾಠ ಹೇಳುವ ಮೇಷ್ಟ್ರು. ಹಳೆಯ ಇಂಗ್ಲಿಷ್ ಕಾವ್ಯ ಅವರ ವಿಷಯ. ಆ ಮೇಷ್ಟ್ರು ಬರೆದ ಪುಸ್ತಕಗಳನ್ನು ನಮ್ಮಂಥವರು ಓದುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಎಡವಿ ಕಲಿತದ್ದು, ಹಾಗಾಗಿ ಎಡವಿದ ಜಾಗಗಳನ್ನೂ ಹೇಳುತ್ತೇನೆ.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ಕೆಲಸ ಮಾಡುತ್ತಲೇ ಅಂಚೆ ಮೂಲಕ ಎಂ.ಎ. ಕಟ್ಟಿದೆ. ಮಿಲ್ಟನ್‌ನ 'ಪ್ಯಾರಡೈಸ್ ಲಾಸ್ಟ್' ಸಿಲಬಸ್‌ನಲ್ಲಿತ್ತು. ದೇವರಿಗೆ ತಿರುಗಿಬಿದ್ದ ಸೈತಾನ, ಮೊದಲ ಗಂಡು ಹೆಣ್ಣಾದ ಆಡಮ್, ಈವ್‌ರನ್ನು ಕೆಡಿಸುವ ಕತೆ. ಹನ್ನೆರಡು ಕಾಂಡಗಳ ಕಾವ್ಯ, ಪರೀಕ್ಷೆಗೆ ಮೊದಲನೆಯದು ಮಾತ್ರ. ಪೇಟೆಯಲ್ಲಿ ಸಿಕ್ಕ ಒಂದು ಗೈಡ್ ಕೊಂಡುಕೊಂಡೆ. ಸೈತಾನನೇ ಈ ಕಾವ್ಯದ ನಿಜವಾದ ನಾಯಕ ಅಂತ ಅದರಲ್ಲಿತ್ತು. ನಾನೂ ಹಾಗೇ ಬರೆದು ಪಾಸಾದೆ. ರಿಸಲ್ಟ್ ಬಂದ ಮೇಲೆ ಹಿರಿಯ ಸಹೋದ್ಯೋಗಿಯೊಬ್ಬರು ಸ್ಪೈರಲ್ ಬೈಂಡ್ ಮಾಡಿಸಿದ ಒಂದು ಜೆರಾಕ್ಸ್ ಪ್ರತಿ ಕೈಗಿಟ್ಟರು. 'ಎ ಪ್ರಿಫೇಸ್ ಟು ಪ್ಯಾರಡೈಸ್ ಲಾಸ್ಟ್', ಲೂಯಿಸ್ 1942ರಲ್ಲಿ ಪ್ರಕಟಿಸಿದ್ದು. ವೇಲ್ಸ್‌ನ ಬ್ಯಾಂಗರ್‌ನಲ್ಲಿ ಕೊಟ್ಟ ಉಪನ್ಯಾಸಗಳಿಂದ ಬೆಳೆದ ಪುಸ್ತಕ. "ಪರೀಕ್ಷೆ ಮುಗೀತಲ್ಲ, ಇನ್ನು ಓದಮ್ಮ" ಅಂದರು.

ಆ ಜೆರಾಕ್ಸ್‌ನಲ್ಲಿ ಎಂಟು ಪುಟ ತಲೆಕೆಳಗಾಗಿದ್ದವು. ಪುಸ್ತಕ ತಿರುಗಿಸಿ ತಿರುಗಿಸಿ ಓದಿದೆ.

ಹುಚ್ಚು ಹಿಡಿಯಿತು. ಹುಚ್ಚಿನಲ್ಲಿ ತಪ್ಪು ಮಾಡಿದೆ. ಹೆಸರು ಚೆನ್ನಾಗಿದೆ ಅಂತ ಅವರ ಮೊದಲ ದೊಡ್ಡ ಪುಸ್ತಕ 'ದಿ ಅಲಿಗರಿ ಆಫ್ ಲವ್' (1936) ಹಿಡಿದೆ. ಮಧ್ಯಯುಗದ ಪ್ರೇಮಕಾವ್ಯಗಳ ಬಗ್ಗೆ ಇದೆ. ಹಳೇ ಫ್ರೆಂಚ್, ಲ್ಯಾಟಿನ್, ನಾನು ಕೇಳೇ ಇರದ ಕವಿಗಳು. ಮೂವತ್ತು ಪುಟಕ್ಕೆ ಕೈಬಿಟ್ಟೆ. ಎರಡು ವರ್ಷ ಲೂಯಿಸ್ ತಂಟೆಗೇ ಹೋಗಲಿಲ್ಲ. ಅದಕ್ಕೇ ಹೇಳುವುದು, ಮುಂಬಾಗಿಲಿನಿಂದ ಹೋಗಬೇಡಿ. ಅವರು ಬರೆದ ಕ್ರಮದಲ್ಲಿ ಓದಬೇಡಿ. ಕೊನೆಗಾಲದಲ್ಲಿ ಬರೆದವು ಚಿಕ್ಕವು, ತಿಳಿಯಾದವು. ಅಲ್ಲಿಂದ ಹಿಂದಕ್ಕೆ ಬನ್ನಿ.

ಮೊದಲು 'ಸ್ಟಡೀಸ್ ಇನ್ ವರ್ಡ್ಸ್' (1960). ಇಡೀ ಪುಸ್ತಕ ಬೇಡ. ಮುನ್ನುಡಿಯಂತಿರುವ ಮೊದಲ ಅಧ್ಯಾಯ, ಆಮೇಲೆ 'ಸ್ಯಾಡ್' ಅನ್ನುವ ಪದದ ಅಧ್ಯಾಯ. ಎರಡೂ ಸೇರಿ ಒಂದು ಭಾನುವಾರದ ಮಧ್ಯಾಹ್ನ ಸಾಕು. ಒಂದೊಂದು ಅಧ್ಯಾಯದಲ್ಲಿ ಒಂದು ಪದ ಹಿಡಿದು ಶತಮಾನಗಳ ಉದ್ದಕ್ಕೂ ಅದರ ಅರ್ಥ ಹೇಗೆ ಹೊರಳಿತು ಅಂತ ತೋರಿಸುತ್ತಾರೆ. 'ಸ್ಯಾಡ್' ಅಂದರೆ ಮೊದಲು ಹೊಟ್ಟೆ ತುಂಬಿದ, ಸಾಕಾದ ಅನ್ನುವ ಅರ್ಥ. ಅಲ್ಲಿಂದ ಭಾರವಾದ, ಗಟ್ಟಿಯಾದ, ಗಂಭೀರವಾದ ಅಂತೆಲ್ಲ ಆಗಿ ಕೊನೆಗೆ ದುಃಖದ. ಶೇಕ್ಸ್‌ಪಿಯರ್‌ನ ಒಂದು ನಾಟಕದಲ್ಲಿ, ಅವರ ಮಾತುಕತೆ 'ಸ್ಯಾಡ್‌ಲಿ' ನಡೆಯಿತು, ಹಾಗಾಗಿ ಇದು ತಮಾಷೆ ಇರಲಾರದು ಅಂತ ಒಬ್ಬ ಹೇಳುತ್ತಾನೆ. ಅತ್ತುಕೊಂಡು ಮಾತಾಡಿದರು ಅಂತಲ್ಲ, ಗಂಭೀರವಾಗಿ ಮಾತಾಡಿದರು ಅಂತ.

ಇಲ್ಲಿ ಲೂಯಿಸ್ ಒಂದು ಎಚ್ಚರಿಕೆ ಕೊಡುತ್ತಾರೆ, ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅರ್ಥವೇ ಗೊತ್ತಿಲ್ಲದ ಹಳೇ ಪದದಿಂದ ಅಪಾಯ ಇಲ್ಲ, ನಿಘಂಟು ನೋಡುತ್ತೇವೆ. ಅಪಾಯ ಇರುವುದು ಗೊತ್ತಿದೆ ಅಂದುಕೊಂಡ ಪದದಲ್ಲಿ. ಇವತ್ತಿನ ಅರ್ಥವೂ ಆ ಸಾಲಿಗೆ ಸುಮಾರಾಗಿ ಹೊಂದಿಬಿಟ್ಟರೆ ಅನುಮಾನವೇ ಬರುವುದಿಲ್ಲ. ಕವಿ ಬರೆದದ್ದು ಬಿಟ್ಟು ನಮ್ಮದೇ ಒಂದು ಕವಿತೆ ಓದಿಕೊಂಡು ಏಳುತ್ತೇವೆ. ಅಂಥ ಅರ್ಥಕ್ಕೆ ಅವರು ಅಪಾಯಕಾರಿ ಅರ್ಥ ಅಂತಲೇ ಹೆಸರಿಟ್ಟಿದ್ದಾರೆ.

ಇದನ್ನು ಓದಿ ಮುಗಿಸಿದ ಮೇಲೆ ಒಂದು ಕಸರತ್ತು ಮಾಡಿ. ನಮ್ಮ ಭಾಷೆಯಲ್ಲೇ ಅಂಥ ಪದ ಹುಡುಕಿ. ನನಗೆ ಸಿಕ್ಕಿದ್ದು 'ಉದ್ಯೋಗ'. ನಾನು ಚಿಕ್ಕವಳಿದ್ದಾಗ ಭಾರತದ 'ಉದ್ಯೋಗಪರ್ವ' ಅಂದರೆ ಪಾಂಡವರು ವಿರಾಟನ ಮನೆಯಲ್ಲಿ ಅಡುಗೆ, ಕುದುರೆ, ದನ ಅಂತ ಕೆಲಸಕ್ಕಿದ್ದ ಕತೆ ಅಂತಲೇ ನಂಬಿದ್ದೆ. ಎಷ್ಟು ಚೆನ್ನಾಗಿ ಹೊಂದುತ್ತೆ ನೋಡಿ! ಅದು ವಿರಾಟಪರ್ವ. ಉದ್ಯೋಗ ಅಂದರೆ ಅಲ್ಲಿ ಪ್ರಯತ್ನ, ಯುದ್ಧದ ಸಿದ್ಧತೆ. ಅಪಾಯಕಾರಿ ಅರ್ಥ ಅಂದರೆ ಇದೇ. ಹಾಗೇ, ಹಳ್ಳಿಯ ಒಕ್ಕಲು ಅನ್ನುವ ಪದದಿಂದ ಇಂಗ್ಲಿಷಿನಲ್ಲಿ ದುಷ್ಟ ಅನ್ನುವ ಅರ್ಥದ 'ವಿಲನ್' ಹುಟ್ಟಿತು. ಅಂತಸ್ತಿನ ಪದಗಳು ಗುಣದ ಪದಗಳಾಗುವ ಈ ಚಾಳಿಯನ್ನು ಲೂಯಿಸ್ ಬಿಡಿಸಿ ತೋರಿಸುತ್ತಾರೆ. ನಮ್ಮ 'ಗ್ರಾಮ್ಯ' ನೆನಪಾಯಿತು. ಗ್ರಾಮದ್ದು ಅಂತ ಶುರುವಾಗಿ ಒರಟು ಅಂತ ಮುಗಿಯುವ ಪದ. ನಾಲ್ಕೈದು ಪದ ಹೀಗೆ ಗುರುತು ಮಾಡಿಕೊಂಡರೆ ಪುಸ್ತಕದ ಬಾಗಿಲು ತೆರೆದ ಹಾಗೆ.

ಈಗ ಪೆನ್ಸಿಲ್ ವಿಷಯ. ಪುಸ್ತಕದಲ್ಲಿ ಗೀಚಬಾರದು ಅಂತ ನಮ್ಮ ಮನೆಯಲ್ಲಿ ಬೆಳೆಸಿದ್ದು. ಪುಸ್ತಕ ಸರಸ್ವತಿ, ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳಬೇಕು. ಆದರೆ ಲೂಯಿಸ್ ಬಾಲ್ಯದ ಗೆಳೆಯ ಆರ್ಥರ್ ಗ್ರೀವ್ಸ್‌ಗೆ 1932ರಲ್ಲಿ ಬರೆದ ಒಂದು ಕಾಗದದಲ್ಲಿ ತಾವು ಓದುವ ರೀತಿ ಹೇಳಿದ್ದಾರೆ. ಕೊನೆಯ ಖಾಲಿ ಹಾಳೆಯಲ್ಲಿ ಒಂದು ನಕ್ಷೆ, ಬೇಕಾದರೆ ವಂಶವೃಕ್ಷ. ಪ್ರತಿ ಪುಟದ ನೆತ್ತಿಯ ಮೇಲೆ ಅಲ್ಲೇನಿದೆ ಅಂತ ಒಂದು ಶೀರ್ಷಿಕೆ. ಅಡಿಗೆರೆ ಹಾಕಿದ ಸಾಲುಗಳಿಗೆಲ್ಲ ಕೊನೆಯಲ್ಲಿ ಒಂದು ಸೂಚಿ. ಫೋಟೋ ತೊಳೆಯುವುದು, ಚಿತ್ರ ಅಂಟಿಸುವುದು ಬೇರೆಯವರಿಗೆ ಹವ್ಯಾಸವಾದ ಹಾಗೆ ತನಗೆ ಇದು ಅಂತ. ಹೀಗೆ ಗುರುತು ಮಾಡಿದ ಅವರ ಪುಸ್ತಕಗಳಲ್ಲಿ ಬಹಳಷ್ಟು ಈಗ ಅಮೆರಿಕದ ಇಲಿನಾಯ್‌ನ ವೀಟನ್ ಕಾಲೇಜಿನ ವೇಡ್ ಸೆಂಟರ್‌ನಲ್ಲಿವೆ.

ನೀವೂ ಅವರ ಪುಸ್ತಕಕ್ಕೆ ಅದನ್ನೇ ಮಾಡಿ. ನಾನು ಮಾಡುವುದು ಹೀಗೆ. ಪುಟದ ಮೇಲಂಚಿನಲ್ಲಿ ಮೂರ್ನಾಲ್ಕು ಪದ, ಕನ್ನಡದಲ್ಲೇ. "ಚಂದ್ರನ ಕೆಳಗೆ ಗಾಳಿ, ಮೇಲೆ ಈಥರ್" ಅನ್ನುವ ಥರ. (ಈಥರ್ ಅಂದರೆ ಮೇಲಿನ ಆಕಾಶದಲ್ಲಿ ತುಂಬಿದೆ ಅಂತ ಹಳಬರು ನಂಬಿದ್ದ ತಿಳಿಯಾದ ವಸ್ತು.) ಕನ್ನಡದಲ್ಲಿ ಬರೆಯಲು ಬರದಿದ್ದರೆ ಆ ಪುಟ ಅರ್ಥವಾಗಿಲ್ಲ ಅಂತ. ಸುಮ್ನೆ ಗೆರೆ ಎಳೆದುಕೊಂಡು ಹೋಗುವುದು ಬೇರೆ, ಶೀರ್ಷಿಕೆ ಕೊಡುವುದು ಬೇರೆ. ಗೆರೆ ಎಳೆಯುವಾಗ ಕೈಗೆ ಮಾತ್ರ ಕೆಲಸ. ಲೈಬ್ರರಿ ಪುಸ್ತಕವಾದರೆ ಅಂಗೈಯಗಲದ ಚೀಟಿ ಇಡಿ. ದಯವಿಟ್ಟು ಗೀಚಬೇಡಿ.

ಎರಡನೆಯದು 'ಆ್ಯನ್ ಎಕ್ಸ್‌ಪೆರಿಮೆಂಟ್ ಇನ್ ಕ್ರಿಟಿಸಿಸಂ' (1961). ಹನ್ನೊಂದು ಚಿಕ್ಕ ಅಧ್ಯಾಯ, ಒಂದು ಉಪಸಂಹಾರ. ಪುಸ್ತಕ ಒಳ್ಳೆಯದೋ ಕೆಟ್ಟದ್ದೋ ಅಂತ ಮೊದಲು ತೀರ್ಮಾನಿಸಿ, ಅದನ್ನು ಓದುವವರ ರುಚಿ ಅಳೆಯುವುದು ವಾಡಿಕೆ ಅಲ್ವಾ? ಲೂಯಿಸ್ ಇದನ್ನು ಮಗುಚಿ ಹಾಕುತ್ತಾರೆ. ಜನ ಅದನ್ನು ಹೇಗೆ ಓದುತ್ತಾರೆ ನೋಡಿ, ಅದರಿಂದ ಪುಸ್ತಕವನ್ನು ಅಳೆಯಿರಿ ಅನ್ನುತ್ತಾರೆ. ಮತ್ತೆ ಮತ್ತೆ ಓದುತ್ತಾರಾ? ಅದು ಸಿಗದಿದ್ದರೆ ಏನೋ ಕಳೆದುಕೊಂಡವರ ಹಾಗೆ ಆಡುತ್ತಾರಾ? ಪುಸ್ತಕವನ್ನು ಬಳಸಿಕೊಳ್ಳುವುದು ಬೇರೆ, ಬರಮಾಡಿಕೊಳ್ಳುವುದು ಬೇರೆ ಅನ್ನುವುದು ಅವರ ಮುಖ್ಯ ಮಾತು. ಬರಮಾಡಿಕೊಳ್ಳುವುದು ಅಂದರೆ ಮೊದಲು ನಾನು ದಾರಿಯಿಂದ ಪಕ್ಕಕ್ಕೆ ಸರಿಯಬೇಕು.

ಇದನ್ನು ನಿಧಾನಕ್ಕೆ ಓದಬೇಕಿಲ್ಲ, ಎರಡು ಕೂತಲ್ಲಿ ಮುಗಿಯುತ್ತದೆ. ಮಧ್ಯದ ಅಧ್ಯಾಯಗಳು ಸ್ವಲ್ಪ ಎಳೆಯುತ್ತವೆ. ಪರೀಕ್ಷೆಗೆ ಓದಿ ಓದಿ ಓದುವ ಸುಖವನ್ನೇ ಮರೆತ ನನ್ನಂಥವರಿಗೆ ಎಂಟನೇ ಅಧ್ಯಾಯ ಕಪಾಳಕ್ಕೆ ಹೊಡೆದಂತಿದೆ. ಓದು ಬಲ್ಲವರೇ ಓದನ್ನು ಹೇಗೆ ಕೆಡಿಸುತ್ತಾರೆ ಅಂತ ಅಲ್ಲಿದೆ.

ಇಷ್ಟಾದ ಮೇಲೆ ಮಿಲ್ಟನ್ ಬಗ್ಗೆ ಲೂಯಿಸ್ ಬರೆದ ಆ 'ಪ್ರಿಫೇಸ್'ಗೆ ಬನ್ನಿ. ಕಾವ್ಯ ಓದದೆ ಇದನ್ನು ಓದಬೇಡಿ. ಕನಿಷ್ಠ ಮೊದಲ ಎರಡು ಕಾಂಡ, ನಾಲ್ಕನೆಯದು, ಒಂಬತ್ತನೆಯದು. ಜೋರಾಗಿ ಓದಿ, ಅರ್ಥವಾಗದಿದ್ದರೂ ನಿಲ್ಲಿಸಬೇಡಿ.

ಪುಸ್ತಕದ ಮೊದಲ ವಾಕ್ಯದಲ್ಲೇ ಲೂಯಿಸ್ ತಮ್ಮ ಇಡೀ ಪದ್ಧತಿ ಹೇಳಿಬಿಡುತ್ತಾರೆ. ಬಾಟಲಿಯ ಬಿರಡೆ ತೆಗೆಯುವ ತಿರುಪಿನಿಂದ ಹಿಡಿದು ದೊಡ್ಡ ಚರ್ಚಿನವರೆಗೆ ಯಾವುದೇ ಕೈಕೆಲಸದ ಬೆಲೆ ಕಟ್ಟುವ ಮೊದಲು ಅದು ಏನು, ಯಾತಕ್ಕೆ ಮಾಡಿದ್ದು, ಹೇಗೆ ಬಳಸುವುದು ಅಂತ ತಿಳಿದಿರಬೇಕು ಅಂತ. ಅಮೆರಿಕದಲ್ಲಿ ಬೆಳೆದ ನನ್ನ ಅಕ್ಕನ ಮೊಮ್ಮಗ ಒಮ್ಮೆ ನಮ್ಮ ಈಳಿಗೆಮಣೆಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು "ಇದೆಂಥಾ ಚಾಕು, ಹಿಡಿಯೋಕೇ ಬರಲ್ಲ" ಅಂದ. ಹಿಡಿಯುವುದು ಕಾಲಿನಿಂದ, ತರಕಾರಿ ಬರಬೇಕು ಅಲಗಿನ ಹತ್ತಿರಕ್ಕೆ. ಮಿಲ್ಟನ್ ಶೈಲಿ ಭಾರ, ಕೃತಕ ಅಂತ ಬೈದ ವಿಮರ್ಶಕರಿಗೆ ಲೂಯಿಸ್ ಕೊಡುವ ಉತ್ತರ ಹೆಚ್ಚುಕಡಿಮೆ ಇದೇ. ನೀವು ಹಿಡಿದದ್ದೇ ತಪ್ಪು, ಸ್ವಾಮಿ.

ಇದೇ ಪುಸ್ತಕದಲ್ಲಿ ಇನ್ನೊಂದು ಜಾಗ ಇದೆ, ನಾವು ಅಲ್ಲಿ ಇಂಗ್ಲಿಷಿನವರಿಗಿಂತ ಬೇಗ ದಾಟಿಬಿಡುತ್ತೇವೆ. 'ಸಾಲೆಮ್' (solemn) ಅಂದರೆ ಇವತ್ತಿನ ಇಂಗ್ಲಿಷಿನಲ್ಲಿ ಬಿಗಿದ ಮುಖ, ಬೇಸರದ ಸಭೆ. ಹಳೆಯ ಕಾಲಕ್ಕೆ ಹಾಗಲ್ಲ. ವೈಭವ, ವಿಧಿ, ಸಂತೋಷ ಮೂರೂ ಒಟ್ಟಿಗೆ ಇರುವುದಕ್ಕೆ ಆ ಪದ. ಆಡಂಬರವೂ ಖುಷಿಯೂ ಒಟ್ಟಿಗಿರಬಹುದು ಅಂತ ಓದುಗರನ್ನು ನಂಬಿಸಲು ಲೂಯಿಸ್ ಬಹಳ ಕಷ್ಟಪಡುತ್ತಾರೆ. ನಮಗೆ ಏನು ಕಷ್ಟ? ಧಾರೆಯ ಹೊತ್ತಿಗೆ ಗಟ್ಟಿಮೇಳ ಅಂದಾಗ ಏನಾಗುತ್ತದೆ ಅಂತ ಗೊತ್ತಿಲ್ಲವಾ? ರೇಷ್ಮೆ ಸೀರೆ, ಮಂತ್ರ, ಓಲಗ, ಕಣ್ಣಲ್ಲಿ ನೀರು, ಎಲ್ಲಾ ಒಂದೇ ಕ್ಷಣ. ಅಲ್ಲಿ ಯಾರೂ ಸಹಜವಾಗಿರಲು ಹೋಗುವುದಿಲ್ಲ, ಹೋದರೆ ಕೆಡುತ್ತದೆ. ಮಹಾಕಾವ್ಯದ ಭಾಷೆ ಆ ಥರದ್ದು ಅಂತ ಅವರ ವಾದ. ಗಮಕದಲ್ಲಿ ಕುಮಾರವ್ಯಾಸನನ್ನು ಕೇಳಿದವರಿಗೂ ಇದು ಹೊಸದಲ್ಲ. ಗ್ರೀಕ್ ಕವಿ ಹೋಮರ್‌ನದಂಥ ಮೊದಲ ಬಗೆಯ ಮಹಾಕಾವ್ಯದಲ್ಲಿ ಅದದೇ ವಿಶೇಷಣ ಯಾಕೆ ಮರಳಿ ಮರಳಿ ಬರುತ್ತದೆ ಅಂತ ಲೂಯಿಸ್ ವಿವರಿಸುವಾಗ ನಮಗೆ ಕಿವಿಯಲ್ಲೇ ಉದಾಹರಣೆ ಇರುತ್ತದೆ.

ಇನ್ನು ಆ ಸೈತಾನ. ಲೂಯಿಸ್ ಅವನ ಇಳಿಜಾರನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಮೊದಲು ವೀರ, ಆಮೇಲೆ ಸೇನಾಪತಿ, ಆಮೇಲೆ ರಾಜಕಾರಣಿ, ಆಮೇಲೆ ಗೂಢಚಾರ, ಆಮೇಲೆ ಮಲಗುವ ಮನೆಯ ಕಿಟಕಿಯಲ್ಲಿ ಇಣುಕುವ ಒಂದು ಜಂತು, ಆಮೇಲೆ ಕಪ್ಪೆ, ಕೊನೆಗೆ ಹಾವು. ಮಿಲ್ಟನ್ ಇದನ್ನು ಬೇಕೆಂದೇ ಮಾಡಿದ್ದಾನೆ. ನಾಲ್ಕನೇ ಕಾಂಡದಲ್ಲಿ ಈವಳ ಕಿವಿಯ ಹತ್ತಿರ ಅವನು ಕಪ್ಪೆಯಂತೆ ಕುಕ್ಕರಿಸಿ ಕೂತಿರುತ್ತಾನೆ. ಹತ್ತನೆಯದರಲ್ಲಿ ತನ್ನ ಗೆಲುವಿನ ಭಾಷಣ ಮುಗಿಸಿ ಚಪ್ಪಾಳೆಗೆ ಕಾಯುತ್ತಾನೆ, ಕೇಳುವುದು ಬುಸ್ ಅನ್ನುವ ಸದ್ದು. ಇದೆಲ್ಲ ನನಗೆ ಗೊತ್ತೇ ಇರಲಿಲ್ಲ. ಯಾಕೆಂದರೆ ನಮ್ಮ ಸಿಲಬಸ್ ಅವನು ವೀರನಾಗಿದ್ದಾಗಲೇ ಮುಗಿದಿತ್ತು. ದುರ್ಯೋಧನನ ಛಲವನ್ನಷ್ಟೇ ಓದಿ ಭಾರತ ಮುಚ್ಚಿಟ್ಟ ಹಾಗೆ.

ಇಲ್ಲಿ ಧರ್ಮದ ಪ್ರಶ್ನೆ ಬಂದೇ ಬರುತ್ತದೆ. ನಾನು ಕ್ರೈಸ್ತಳಲ್ಲ. ಲೂಯಿಸ್ ನಂಬಿಕೆ ಅವರ ವಿಮರ್ಶೆಯೊಳಗೆ ಬರುತ್ತದಾ? ಬರುತ್ತದೆ, ಈ ಪುಸ್ತಕದಲ್ಲಿ ಜಾಸ್ತಿಯೇ. ಅದಕ್ಕೆ ಅವರೇ ಒಂದು ಉಪಾಯ ಕೊಟ್ಟಿದ್ದಾರೆ. ಹಳೆಯ ಕಾಲದ ವೀರನ ಕವಚ ಕಳಚಿ ಒಳಗಿರುವವನು ನಮ್ಮಂಥವನೇ ಅಂತ ನೋಡುವ ಬದಲು, ಆ ಕವಚವನ್ನು ನಾವೇ ತೊಟ್ಟು ನೋಡಬಹುದಲ್ಲ ಅಂತ. ದೇವರುಗಳಿಗೆ ಲೋಕದ ಗೊಡವೆಯೇ ಇಲ್ಲ ಅಂದ ರೋಮನ್ ಕವಿ ಲುಕ್ರೀಷಿಯಸ್‌ನನ್ನೂ ಅವರು ಹಾಗೇ ಓದಲು ಹೇಳುತ್ತಾರೆ. ಹಾಗಾಗಿ ಓದುವಷ್ಟು ಹೊತ್ತು ಕವಚ ತೊಡಿ, ಮುಗಿದ ಮೇಲೆ ಮೊಳೆಗೆ ನೇತುಹಾಕಿ. ಕೆಲವು ಕಡೆ ನನಗೆ ಚುಚ್ಚುತ್ತದೆ. ಶ್ರೇಣಿ ವ್ಯವಸ್ಥೆಯ ಬಗೆಗಿನ ಅಧ್ಯಾಯ ಓದುವಾಗ, ಈವ್ ಆಡಮನಿಗೆ ತಲೆಬಾಗಿದರೆ ಲೋಕ ಸರಿಯಾಗಿರುತ್ತದೆ ಅನ್ನುವುದನ್ನು ಇವರು ಸ್ವಲ್ಪ ಹೆಚ್ಚೇ ಖುಷಿಯಿಂದ ವಿವರಿಸುತ್ತಾರೆ ಅನಿಸಿತು. ಮೇಲಂಚಿನಲ್ಲಿ "ನೋಡೋಣ" ಅಂತ ಬರೆದಿದ್ದೇನೆ. ಇನ್ನೂ ಅಳಿಸಿಲ್ಲ.

ಈಗ ನನ್ನ ಮೆಚ್ಚಿನದು. 'ದಿ ಡಿಸ್ಕಾರ್ಡೆಡ್ ಇಮೇಜ್', ಅವರು ತೀರಿಕೊಂಡ ಮರುವರ್ಷ, 1964ರಲ್ಲಿ ಬಂತು. ವರ್ಷಗಟ್ಟಲೆ ವಿದ್ಯಾರ್ಥಿಗಳಿಗೆ ಕೊಟ್ಟ ಉಪನ್ಯಾಸಗಳೇ ಇದರ ಮೂಲ. ಮಧ್ಯಯುಗದ ಜನ ತಮ್ಮ ತಲೆಯಲ್ಲಿ ಇಟ್ಟುಕೊಂಡಿದ್ದ ವಿಶ್ವದ ಚಿತ್ರ ಇಲ್ಲಿದೆ. ನಡುವೆ ಉಂಡೆಯಾದ ಭೂಮಿ (ಚಪ್ಪಟೆ ಅಲ್ಲ), ಸುತ್ತ ಒಂದರ ಹೊರಗೊಂದು ಗೋಳ. ಚಂದ್ರ, ಬುಧ, ಶುಕ್ರ, ಸೂರ್ಯ, ಮಂಗಳ, ಗುರು, ಶನಿ, ಅದರಾಚೆ ನಕ್ಷತ್ರಗಳು.

ಮೂರು, ನಾಲ್ಕನೇ ಅಧ್ಯಾಯ ಹಳೇ ಲ್ಯಾಟಿನ್ ಲೇಖಕರ ಬಗ್ಗೆ. ಮೊದಲ ಸಲ ಅವನ್ನು ಹಾರಿಸಿ. ನಾಚಿಕೆ ಬೇಡ. ನೇರವಾಗಿ ಐದನೆಯದಕ್ಕೆ, ಆಕಾಶಗಳ ಅಧ್ಯಾಯಕ್ಕೆ ಹೋಗಿ. ಅಲ್ಲಿ ಲೂಯಿಸ್ ಒಂದು ಹೋಂವರ್ಕ್ ಕೊಡುತ್ತಾರೆ. ನಕ್ಷತ್ರ ಕಾಣುವ ರಾತ್ರಿ ಹೊರಗೆ ಹೋಗಿ ಅರ್ಧ ಗಂಟೆ ಓಡಾಡಿ, ಹಳೆಯ ಚಿತ್ರ ಮನಸ್ಸಿನಲ್ಲಿಟ್ಟುಕೊಂಡು ಆಕಾಶ ನೋಡಿ ಅಂತ. ಇದನ್ನು ಓದಿ ಬಿಡಬೇಡಿ, ಮಾಡಿ. ನಾನು ಮಾಡಿದ್ದು ಕರೆಂಟ್ ಹೋದ ಒಂದು ರಾತ್ರಿ, ತಾರಸಿಯ ಮೇಲೆ, ಹಪ್ಪಳದ ಚಾಪೆ ಪಕ್ಕದಲ್ಲಿ.

ಮೊದಲು ಮೇಲೆ, ಕೆಳಗೆ ಅನ್ನುವುದು ನಿಜವಾಗಿಯೂ ಇದೆ ಅಂದುಕೊಳ್ಳಬೇಕು. ನಕ್ಷತ್ರ ದೂರದಲ್ಲಲ್ಲ, ಎತ್ತರದಲ್ಲಿದೆ. ದೂರ ಅಂದಾಗ ಸುಮ್ಮನಿದ್ದ ತಲೆ ಎತ್ತರ ಅಂದ ಕೂಡಲೇ ಗಿರ್ರಂತು. ಎರಡನೆಯದು, ಆಚೆ ಕತ್ತಲೆ ಇಲ್ಲ. ರಾತ್ರಿ ಅಂದರೆ ಭೂಮಿಯ ನೆರಳು ಮಾತ್ರ, ಚೂಪಾಗುತ್ತಾ ಹೋಗುವ ಒಂದು ಶಂಕು. ಅದರಾಚೆ ಎಲ್ಲಾ ಬೆಳಕು. ಮೂರನೆಯದು, ಮೌನವೂ ಇಲ್ಲ. ಗೋಳಗಳು ತಿರುಗುತ್ತಾ ಹಾಡುತ್ತಿವೆ. ನಾವು ಹೊರಗಿನ ಕತ್ತಲಿಗೆ ಇಣುಕುತ್ತಿಲ್ಲ, ದೀಪ ಹಚ್ಚಿದ ಮನೆಯೊಳಗೆ ಹೊರಗಿನಿಂದ ನೋಡುತ್ತಿದ್ದೇವೆ. ಹೀಗೆ ಹತ್ತು ನಿಮಿಷ ನಿಂತಿದ್ದೆ. ಕರೆಂಟ್ ಬಂದು ಬೀದಿದೀಪ ಹತ್ತಿದಾಗ ನಿಜವಾಗಿಯೂ ಸಿಟ್ಟು ಬಂತು.

ಆ ಜನಕ್ಕೆ ವಿಶ್ವ ಪುಟ್ಟದಾಗಿ ಕಂಡಿತ್ತು ಅಂತ ನಮಗೊಂದು ಭ್ರಮೆ. ಆಗಿನ ಜನಪ್ರಿಯ ಧಾರ್ಮಿಕ ಗ್ರಂಥವೊಂದರ ಲೆಕ್ಕವನ್ನು ಲೂಯಿಸ್ ಎತ್ತಿ ಕೊಡುತ್ತಾರೆ. ದಿನಕ್ಕೆ ನಲವತ್ತು ಮೈಲಿಗೂ ಸ್ವಲ್ಪ ಜಾಸ್ತಿ ಮೇಲೇರುತ್ತಾ ಹೋದರೂ 8000 ವರ್ಷಕ್ಕೆ ನಕ್ಷತ್ರಗಳ ಗೋಳ ಸಿಗುವುದಿಲ್ಲ.

ಗ್ರಹಗಳ ಭಾಗ ಬಂದಾಗ ನೀವು ನಗುತ್ತೀರಿ. ಶನಿ ಮಹಾ ಅಶುಭ, ಅವನ ಲೋಹ ಸೀಸ. ಗುರು ಮಹಾ ಶುಭ. ಮಂಗಳ ಕಿರಿಯ ಅಶುಭ, ಕಬ್ಬಿಣ. ಇಂಗ್ಲಿಷ್ ವಿದ್ಯಾರ್ಥಿಗಳಿಗೆ ಇದನ್ನು ಹೊಸದಾಗಿ ಕಲಿಸಬೇಕಿತ್ತು. ನಮ್ಮಲ್ಲಿ ಕುಜದೋಷ ಇದೆಯಾ ಅಂತ ಕೇಳದೆ ಹೆಣ್ಣು ನೋಡಲು ಬರುವುದಿಲ್ಲ. ರಾಹು, ಕೇತು ಬಿಟ್ಟರೆ ಉಳಿದ ಏಳೂ ಅಲ್ಲಿವೆ, ಗುಣಗಳೂ ಹೆಚ್ಚುಕಡಿಮೆ ಅವೇ. ಜಾತಕ ನಂಬುತ್ತೀರೋ ಇಲ್ಲವೋ ಬೇರೆ ಮಾತು. ಶನಿ ಅಂದಾಗ ಅಜ್ಜಿಯ ದನಿ ಹೇಗೆ ಬದಲಾಗುತ್ತಿತ್ತು ಅಂತ ನೆನಪಿದ್ದರೆ ಮಧ್ಯಯುಗದ ಇಂಗ್ಲಿಷ್ ಕವಿ ಚಾಸರ್‌ನ ಕತೆಯಲ್ಲಿ ಶನಿ ಬಂದಾಗ ನಿಮಗೆ ಅಡಿಟಿಪ್ಪಣಿ ಬೇಕಿಲ್ಲ.

ಇಷ್ಟು ಓದಿದ ಮೇಲೆ 'ದಿ ಅಲಿಗರಿ ಆಫ್ ಲವ್'ಗೆ ಮರಳಿ ಹೋಗಬಹುದು. ನಾನು ಹೋದೆ. ಲ್ಯಾಟಿನ್, ಫ್ರೆಂಚ್ ಬಂದರೆ ನಿಲ್ಲಬೇಡಿ, ಎಷ್ಟೋ ಕಡೆ ಮುಂದಿನ ವಾಕ್ಯದಲ್ಲೇ ತಿರುಳು ಸಿಗುತ್ತದೆ. ಆದರೆ ಒಂದು ಎಚ್ಚರ. ಲೂಯಿಸ್ ಬರೆದರೆ ಎಲ್ಲವೂ ನಿಜ ಅನಿಸುತ್ತದೆ, ಅದೇ ಅವರ ತೊಂದರೆ. ಹನ್ನೊಂದನೇ ಶತಮಾನದ ಕೊನೆಗೆ ದಕ್ಷಿಣ ಫ್ರಾನ್ಸಿನಲ್ಲಿ ಒಂದು ಹೊಸ ಬಗೆಯ ಪ್ರೇಮವೇ ಹುಟ್ಟಿತು, ಅದು ವಿನಯ, ಸೌಜನ್ಯ, ಪರಸತಿಯ ಮೋಹ, ಪ್ರೇಮವೇ ಒಂದು ಧರ್ಮ ಎಂಬ ನಾಲ್ಕು ಕಾಲಿನ ಮೇಲೆ ನಿಂತಿತ್ತು ಅಂತ ಅವರು ಹೇಳುತ್ತಾರೆ. ಮುಂದಿನ ವಿದ್ವಾಂಸರು ಇದನ್ನು ಚೆನ್ನಾಗಿ ಅಲ್ಲಾಡಿಸಿದ್ದಾರೆ. ಹಾಗಾಗಿ ಆ ಮೊದಲ ಅಧ್ಯಾಯವನ್ನು ಕಥೆಯ ಹಾಗೆ ಓದಿ, ಕೊನೆಯದಾದ, ಹದಿನಾರನೇ ಶತಮಾನದ ಇಂಗ್ಲಿಷ್ ಕವಿ ಸ್ಪೆನ್ಸರ್ ಬಗೆಗಿನ ಅಧ್ಯಾಯವನ್ನು ಪಾಠದ ಹಾಗೆ ಓದಿ.

ಕೊನೆಗೆ ಉಳಿಯುವುದು ದಪ್ಪದ್ದು. ಆಕ್ಸ್‌ಫರ್ಡ್ ಸಾಹಿತ್ಯ ಚರಿತ್ರೆಯ ಮಾಲೆಗೆ ಬರೆದ ಹದಿನಾರನೇ ಶತಮಾನದ ಸಂಪುಟ, ನಾಟಕ ಬಿಟ್ಟು (1954). ಮುಗಿಸಲು ಹದಿನೈದು ವರ್ಷಕ್ಕೂ ಹೆಚ್ಚು ಹಿಡಿಯಿತು. ಆ ಮಾಲೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರ ಕೂಡಿಸಿ ಅವರು ಇದನ್ನು 'ಓ ಹೆಲ್' ಅಂತಲೇ ಕರೆಯುತ್ತಿದ್ದರು. ಇದನ್ನು ಯಾರೂ ಮೊದಲಿಂದ ಕೊನೆವರೆಗೆ ಓದಬೇಕಿಲ್ಲ. ಪೀಠಿಕೆ ಓದಿ. ಆಮೇಲೆ ಸಿಡ್ನಿ, ಸ್ಪೆನ್ಸರ್, ಹೂಕರ್, ಯಾರು ಬೇಕೋ ಅವರ ಪುಟ ತೆಗೆಯಿರಿ. ಶತಮಾನದ ನಡುವಿನ ಕವಿಗಳಿಗೆ 'ಡ್ರ್ಯಾಬ್' ಅಂದರೆ ಮಾಸಲು ಅಂತ, ಕೊನೆಯವರಿಗೆ ಬಂಗಾರದವರು ಅಂತ ಹೆಸರಿಟ್ಟು, ಇದು ಬೈಗುಳ ಅಲ್ಲ, ಹೊಗಳಿಕೆಯೂ ಅಲ್ಲ ಅನ್ನುತ್ತಾರೆ. ಯಾರು ನಂಬುತ್ತಾರೆ ಇದನ್ನು? ಪದಗಳ ವಾಸನೆ ಅಷ್ಟು ಚೆನ್ನಾಗಿ ಬಲ್ಲ ಮನುಷ್ಯ!

ನನ್ನ ಪ್ರತಿ ಸೆಕೆಂಡ್‌ಹ್ಯಾಂಡ್. ಹಿಂದೆ ಯಾರೋ ಓದಿದವರು ಪೀಠಿಕೆಯ ಮೂವತ್ತೇಳು ಪುಟಕ್ಕೆ ಹಸಿರು ಶಾಯಿಯಲ್ಲಿ ಗೆರೆ ಎಳೆದು ನಿಲ್ಲಿಸಿದ್ದಾರೆ. ಶೀರ್ಷಿಕೆ ಒಂದೂ ಇಲ್ಲ. ಮೂವತ್ತೆಂಟನೆಯದರಿಂದ ನನ್ನ ಪೆನ್ಸಿಲ್ ಶುರು.